ಹಾರಿಹೋಗದ ದ್ರಾವಕ

ಕಾಳುಮೆಣಸಿನ ಸತ್ವ ತೆಗೆಯುವ ವ್ಯಾಪಾರಕ್ಕೆ ಕೈಹಾಕಲು ಹೊರಟಿರುವ ರಾಜಣ್ಣನವರು ಗಾಂಧಿ ಬಜಾರಿನ ಕಾಫಿ ಹೋಟೆಲಿನಲ್ಲಿ, "ಉಪ್ಪನ್ನೇ ನೀರಿನಂತೆ ಸುರಿದು ಗಿಡಮೂಲಿಕೆಯ ಸಾರ ಎಳೆಯುತ್ತಾರಂತೆ, ನಿಜವೇ ಮೇಷ್ಟ್ರೇ?" ಎಂದು ಕೇಳಿದರು. ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರನ್ನು ಹಾಗೆ ಕೇಳಿದರೆ ಬೈಟು ಕಾಫಿ ಆರಿಹೋಗುವುದು ಖಾತ್ರಿ.

"ಅಡುಗೆ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು, ಅದರ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಚಿಕ್ಕವು, ಒತ್ತೊತ್ತಾಗಿ ಸಾಲುಗಟ್ಟುತ್ತವೆ. ಸೋಡಿಯಮ್ಮಿನ ಜಾಗದಲ್ಲಿ ಇಮಿಡಜೋಲಿಯಂ ಗುಂಪಿನ ದೊಡ್ಡ, ಸೊಟ್ಟ ಅಯಾನನ್ನು ಕೂರಿಸಿದರೆ ಆ ಸಾಲು ಕೆಟ್ಟು, 100 ಡಿಗ್ರಿಯ ಕೆಳಗೇ ಉಪ್ಪು ದ್ರವವಾಗಿಬಿಡಬಹುದು. ಇದೇ ಅಯಾನಿಕ ದ್ರವ. ಸುಮಾರು 12 ಡಿಗ್ರಿಗೇ ಕರಗುವ ಈಥೈಲ್ ಅಮೋನಿಯಂ ನೈಟ್ರೇಟನ್ನು ಪಾಲ್ ವಾಲ್ಡೆನ್ 1914ರಲ್ಲಿಯೇ ವರದಿ ಮಾಡಿದ್ದರು" ಎಂದರು ಮೇಷ್ಟ್ರು.

"ಹಾಗಾದರೆ ಬೆಂಗಳೂರಿನ ಡಿಸೆಂಬರ್ ಚಳಿಗೂ ಅದು ಗಟ್ಟಿಯಾಗುವುದಿಲ್ಲ" ಎಂದರು ಜೊತೆಗಿದ್ದ ಪದ್ಮಾವತಿ.

ಸತ್ವ ತೆಗೆಯಲು ಬಳಸುವ ದ್ರಾವಕಗಳಲ್ಲೊಂದಾದ ಹೆಕ್ಸೇನ್ 69 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಯಾನಿಕ ದ್ರವಕ್ಕಾದರೋ ಆವಿಯ ಒತ್ತಡವೇ ಇಲ್ಲವೆನ್ನುವಷ್ಟು ಕಡಿಮೆ. ಅವುಗಳಲ್ಲಿ ಕೆಲವು ಸಸ್ಯಕೋಶದ ಗೋಡೆಯ ನಾರಾದ ಸೆಲ್ಯುಲೋಸನ್ನೂ ಕರಗಿಸಬಲ್ಲವೆಂದು 2002ರಲ್ಲಿ ತೋರಿಸಲಾಗಿರುವುದರಿಂದ, ಆ ಗೋಡೆಯನ್ನು ಸಡಿಲಿಸಿ ಒಳಗಿನ ಪೈಪರಿನ್, ಅಂದರೆ ಮೆಣಸಿನ ಖಾರದ ವಸ್ತುವನ್ನು, ಹೊರತರುವ ಆಸೆಯೂ ಇದೆ. ಇಷ್ಟು ಕೇಳುವಷ್ಟರಲ್ಲಿ ರಾಜಣ್ಣನವರು ಮನಸ್ಸಿನಲ್ಲಿ ಎರಡು ಪೀಪಾಯಿ ತರಿಸಿಯಾಗಿತ್ತು.

"ಹೆಕ್ಸೇನ್ ಹಾರಿಹೋದ ಮೇಲೆ ಸತ್ವ ಪಾತ್ರೆಯಲ್ಲಿ ಉಳಿಯುತ್ತದೆ. ನಿಮ್ಮ ದ್ರವ ಹಾರುವುದೇ ಇಲ್ಲವೆಂದ ಮೇಲೆ ಸತ್ವವನ್ನು ಅದರಿಂದ ಬಿಡಿಸುವುದು ಹೇಗೆ?" ಎಂದು ಪದ್ಮಾವತಿ ಕೇಳಿದಾಗ ಮೇಷ್ಟ್ರು ಮೊದಲ ಬಾರಿಗೆ ಲೋಟ ಎತ್ತಿದರು. ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಪರಿಸರಸ್ನೇಹಿ ಎಂಬರ್ಥದ ಹಸಿರು ದ್ರಾವಕವೆಂಬ ಹೊಗಳಿಕೆಯೆಲ್ಲ ಸಾರ ಎಳೆಯುವ ಹಂತಕ್ಕೇ ಮುಗಿದುಹೋಗುತ್ತದೆ. ಮದುವೆ ಮುಗಿದರೂ ಹೊರಡದ ನೆಂಟ ಈ ದ್ರವ.

ಮೇಷ್ಟ್ರು ಉಪಾಯಗಳನ್ನು ಬಿಚ್ಚಿದರು. ಪೈಪರಿನ್ನಿನಂತೆ ನೀರಿನಲ್ಲಿ ಅಷ್ಟಾಗಿ ಕರಗದ ಸತ್ವವಾದರೆ ನೀರು ಸುರಿದು ತಳಕ್ಕಿಳಿಸಲು ಯತ್ನಿಸಬಹುದು. ರಾಳದ ಮಣಿಗಳಿಗೆ ಅಂಟಿಸಿಕೊಳ್ಳಬಹುದು. ನೀರಿನಲ್ಲಿ ಬೆರೆತ ಅಯಾನಿಕ ದ್ರವಕ್ಕೆ ಪೊಟ್ಯಾಸಿಯಂ ಫಾಸ್ಫೇಟ್ ಹಾಕಿ ಎರಡು ಪದರಗಳಾಗಿ ಒಡೆಸಿ, ಸತ್ವ ಯಾವುದರ ಕಡೆ ವಾಲುತ್ತದೆಂದು ನೋಡಬಹುದು. ಅಥವಾ ಈಥೈಲ್ ಅಸಿಟೇಟಿನಿಂದ ಮತ್ತೆ ಎಳೆಯಬಹುದು.

"ಅದು ಹಾರಿಹೋಗುವ ದ್ರಾವಕವಲ್ಲವೇ?" ಎಂದರು ಪದ್ಮಾವತಿ.

"ಹೌದು."

"ಬಾಗಿಲಿನಿಂದ ಕಳಿಸಿದವರನ್ನು ಹಿತ್ತಿಲಿನಿಂದ ಕರೆದ ಹಾಗಾಯಿತು."

ಕೆಲವು ಇಮಿಡಜೋಲಿಯಂ ದ್ರವಗಳ ಇಂಗಾಲದ ಬಾಲ ಉದ್ದವಾದಷ್ಟೂ ಜಲಚರಗಳಿಗೆ ವಿಷ ಹೆಚ್ಚು, ಅವು ಸಾಬೂನಿನಂತೆ ನೊರೆಗಟ್ಟಲೂಬಲ್ಲವು ಎಂದು ಮೇಷ್ಟ್ರು ಹೇಳಿದಾಗ, ರಾಜಣ್ಣನವರೇ "ಬೆಳ್ಳಂದೂರು ಕೆರೆಗೆ ಇರುವ ನೊರೆ ಸಾಲದೇ?" ಎಂದು ಪೀಪಾಯಿ ರದ್ದು ಮಾಡಿದರು.

ಆಗ ಅಯಾನಿಕ ದ್ರವದ ದಾಯಾದಿಯ ಸುದ್ದಿ ಬಂತು. 302 ಡಿಗ್ರಿಗೆ ಕರಗುವ ಕೋಲೀನ್ ಕ್ಲೋರೈಡಿನ ಒಂದು ಮೋಲಿಗೆ (ಅಣುಗಳನ್ನು ಎಣಿಸುವ ಅಳತೆ) 133 ಡಿಗ್ರಿಗೆ ಕರಗುವ ಯೂರಿಯಾದ ಎರಡು ಮೋಲ್ ಬೆರೆಸಿದರೆ ಆ ಮಿಶ್ರಣ ಸುಮಾರು 12 ಡಿಗ್ರಿಗೇ ದ್ರವವಾಗುತ್ತದೆಂದು 2003ರಲ್ಲಿ ಪ್ರಕಟವಾಯಿತು. ಎರಡೂ ಅಗ್ಗ, ಒಂದು ಕೋಳಿ ಆಹಾರಕ್ಕೆ ಸೇರಿಸುವ ವಸ್ತು, ಇನ್ನೊಂದು ಗೊಬ್ಬರ.

"ಕೋಳಿ ಆಹಾರ ಮತ್ತು ಗೊಬ್ಬರದಲ್ಲಿ ನೆನೆಸಿ ತೆಗೆದ ಸತ್ವವೆಂದು ಡಬ್ಬಿಯ ಮೇಲೆ ಬರೆದರೆ ಯಾರು ಕೊಳ್ಳುತ್ತಾರೆ?" ಎಂದು ರಾಜಣ್ಣನವರು ಪೇಚಾಡಿದರು.

"ಮೇಲೆ ಬರೆಯುವ ಮಾತು ಆಮೇಲಿರಲಿ, ಇದೂ ಹಾರುವುದಿಲ್ಲ, ಡಬ್ಬಿಯೊಳಗೆ ಎಷ್ಟು ಉಳಿದಿದೆಯೆಂದು ಮೊದಲು ಅಳೆಸಿ" ಎಂದರು ಪದ್ಮಾವತಿ.