ಅಪ್‌ಡೇಟ್: ಐಟಿಐ ಹುಡುಗನಿಗೆ ಬೆಳಗಾವಿಯಲ್ಲೇ ಕೆಲಸ ಸಿಕ್ಕಿತು

ತಂದೆ ಇಲ್ಲದ, ಐಟಿಐ ಫಿಟ್ಟರ್ ಮುಗಿಸಿದ ನಮ್ಮ ಓಣಿಯ ಹುಡುಗನಿಗೆ ಕೆಲಸ ಹೇಗೆ ಹುಡುಕೋದು ಅಂತ ಹದಿನೈದು ದಿನದ ಹಿಂದೆ ಕೇಳಿದ್ದೆ. ಸೋಮವಾರದಿಂದ ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಮಷಿನ್ ಶಾಪ್ ಒಂದರಲ್ಲಿ ಅಪ್ರೆಂಟಿಸ್ ಆಗಿದ್ದಾನೆ!

ಮೊಬೈಲ್‌ನಲ್ಲಿ ಹಾಕಿದ ಅರ್ಜಿಗಳಿಂದ ಏನೂ ಆಗಲಿಲ್ಲ. ಏಜೆಂಟ್ ಒಬ್ಬ ಮೊದಲೇ ದುಡ್ಡು ಕೇಳಿದ, ಎದ್ದು ಬಂದೆವು. "ಸರ್ಟಿಫಿಕೇಟ್ ಹಿಡಿದು ನೇರ ಉದ್ಯಮಬಾಗಕ್ಕೆ ಹೋಗಿ" ಅಂದವರಿಗೆ ದೊಡ್ಡ ನಮಸ್ಕಾರ. ಆರನೇ ಗೇಟಿನಲ್ಲಿ ಮಾಲೀಕರೇ ಒಳಗೆ ಕರೆದು, ಕೈಗೆ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಕೊಟ್ಟು, ಎಣ್ಣೆ ಮೆತ್ತಿದ ಬುಷ್ (ಕೊಳವೆಯಾಕಾರದ ಬಿಡಿಭಾಗ) ಒಂದನ್ನು ಅಳೆಯಲು ಹೇಳಿದರು. ಹುಡುಗನ ಕೈ ನಡುಗುತ್ತಿತ್ತು, ಆದರೆ ಅಳತೆ ಸರಿ ಹೇಳಿದ.

ನನಗೆ ಗೊತ್ತೇ ಇರದ ವಿಷಯ: 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್ ಯೋಜನೆಯಲ್ಲಿ ಸ್ಟೈಪೆಂಡಿನ (ಅಪ್ರೆಂಟಿಸ್‌ಗೆ ತಿಂಗಳಿಗೆ ಕೊಡುವ ಭತ್ಯೆ) ಶೇ. 25ರಷ್ಟನ್ನು ಒಂದು ಮಿತಿಯವರೆಗೆ ಕೇಂದ್ರ ಸರ್ಕಾರವೇ ಕೊಡುತ್ತದೆ. ಸಣ್ಣ ಮಾಲೀಕರಿಗೆ ಇದನ್ನು ತಪ್ಪದೇ ಹೇಳಿ. ಮತ್ತೆ, ಆಧಾರ್ ಮತ್ತು ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು ಒಂದೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇವನ ಇನಿಷಿಯಲ್ ಬೇರೆಯಿತ್ತು, ಅದಕ್ಕೇ ನಾಲ್ಕು ದಿನ ಸುಮ್ನೆ ಹೋಯಿತು.