ಗೋದಲಿ ಕಟ್ಟುವಾಗ ಹುಡುಗಿ ಕೇಳಿದ ಪ್ರಶ್ನೆ

ತೋಟದ ರೈಟರ್, ಸಿದ್ದಾಪುರ:
ನಾನು ತೋಟದ ಲೆಕ್ಕ ಬರೆಯೋನು, ಕ್ರೈಸ್ತನಲ್ಲ. ಆದರೂ ಪ್ರತಿ ಡಿಸೆಂಬರ್‌ನಲ್ಲಿ ನಮ್ಮ ಕೂಲಿಕಾರರ ಲೈನ್ ಮನೆ ಮಕ್ಕಳು ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ಜಾಗ ತೋರಿಸೋ ಗೋದಲಿ ಕಟ್ಟುವಾಗ ಬಿದಿರು ಸೀಳಿಕೊಡುವ ಕೆಲಸ ನನ್ನ ಪಾಲಿಗೇ ಬೀಳುತ್ತೆ. ಮರದ ಪಾಚಿ ಅವರೇ ಕೆರೆದು ತರ್ತಾರೆ. ಈ ಸಲ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ರೈಟರಣ್ಣ, ಜೋಸೆಫ್ ಬೆತ್ಲೆಹೆಮಿಗೆ ಹೋಗಿದ್ದು ಅಂದ್ರೆ ಅವರ ಸ್ವಂತ ಊರಿಗೇ ಅಲ್ವಾ? ತುಂಬು ಬಸುರಿ ಮರಿಯಮ್ಮನ ಕರ್ಕೊಂಡು ಬಂದ್ರೂ ಒಬ್ಬ ನೆಂಟನೂ ಬಾಗಿಲು ತೆಗೀಲಿಲ್ವಾ?" ಹುತ್ತರಿ ಹಬ್ಬಕ್ಕೆ ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲ ಮನೆಗೆ ಬಂದವರನ್ನ ಇಲ್ಲಿ ಯಾರೂ ಅಂಗಳದಲ್ಲಿ ನಿಲ್ಲಿಸಲ್ಲ. ಉತ್ತರ ಹೊಳೀಲಿಲ್ಲ. ತಿಳಿದವರು ಹೇಳಿ.

ವಿರಾಜಪೇಟೆ ಟೀಚರ್:
ರೈಟರೇ, ಆ ಹುಡುಗಿಯನ್ನ ನನ್ನ ಕ್ಲಾಸಿಗೆ ಕಳಿಸಿ! ಮೂವತ್ತು ವರ್ಷ ಧರ್ಮೋಪದೇಶ ಹೇಳಿದ್ದೇನೆ, ಒಬ್ಬರೂ ಇದನ್ನ ಕೇಳಿರಲಿಲ್ಲ. ನಾನೂ ಪ್ರತಿ ವರ್ಷ ನಾಟಕದಲ್ಲಿ ದೊಡ್ಡ ಗಂಟಲಿನ ಹುಡುಗನಿಗೆ ಛತ್ರದ ಯಜಮಾನನ ಪಾತ್ರ ಕೊಟ್ಟು "ಜಾಗ ಇಲ್ಲ, ನಡೀರಿ" ಅಂತ ಕೂಗಿಸ್ತಿದ್ದೆ. ಆಮೇಲೆ ಲೂಕನ ಶುಭಸಂದೇಶ ನಿಧಾನವಾಗಿ ಓದಿದರೆ ಅಂಥ ಯಜಮಾನನೇ ಅದರಲ್ಲಿಲ್ಲ.

ನಮ್ಮ ಬೈಬಲಿನಲ್ಲಿ "ಛತ್ರ" ಅಂತ ಇರುವಲ್ಲಿ ಗ್ರೀಕಿನಲ್ಲಿ "ಕಟಾಲುಮ" ಅಂತಿದೆ. ಯೇಸು ಕಡೆಯ ಭೋಜನ ಮಾಡಿದ ಕೋಣೆಗೂ ಲೂಕ ಇದೇ ಪದ ಬಳಸಿದ್ದಾನೆ. ಒಳ್ಳೆಯ ಸಮಾರಿಯನ ಕತೆಯಲ್ಲಿ ದುಡ್ಡು ಕೊಟ್ಟು ಇಳಿದುಕೊಳ್ಳುವ ಛತ್ರ ಬರುತ್ತಲ್ಲ, ಅಲ್ಲಿ ಪದವೇ ಬೇರೆ. ಹಾಗಾಗಿ ಇದು ಮನೆಯೊಂದರ ಅತಿಥಿ ಕೋಣೆ ಅಂತ ಹಲವು ಪಂಡಿತರ ಮತ. ಜನಗಣತಿಗೆ ಬಂದ ದಾವೀದನ ವಂಶದವರಿಂದ ಕೋಣೆ ತುಂಬಿತ್ತು. ಆ ಕಡೆ ಬಡವರು ರಾತ್ರಿ ದನ, ಕತ್ತೆಗಳನ್ನ ಮನೆಯೊಳಗೇ ಕಟ್ಟುತ್ತಿದ್ದರು, ಮೇವು ಹಾಕುವ ಗೋದಲಿ ಮನೇಲೇ ಇರ್ತಿತ್ತು. ನಾವು ಇಡೀ ಗುಡಿಸಲಿಗೇ ಗೋದಲಿ ಅಂತೀವಿ, ನಿಜಕ್ಕೆ ಅದು ಮೇವಿನ ತೊಟ್ಟಿ ಮಾತ್ರ. ಅಂದರೆ ಕೂಸನ್ನ ಯಾರೂ ಹೊರಗೆ ತಳ್ಳಲಿಲ್ಲ. ನೆಂಟರ ಗಲಾಟೆ, ದನದ ಉಸಿರು, ಎಲ್ಲದರ ನಡುವೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಲಗಿಸಿದರು. ಕೂಸನ್ನ ಹುಡುಕೋಕೆ ಕುರುಬರಿಗೆ ದೇವದೂತ ಕೊಟ್ಟ ಗುರುತೂ ಅದೇ ತೊಟ್ಟಿ. ಅರಮನೆಯ ತೊಟ್ಟಿಲು ಅಂದಿದ್ದರೆ ಅವರು ಹೊರಡ್ತಿದ್ದರಾ?

ನನ್ನನ್ನ ಚುಚ್ಚೋದು ಇನ್ನೊಂದು. ನಮ್ಮ ಸಂತ ಅನ್ನಮ್ಮನ ದೇವಾಲಯ 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟಿದ್ದಕ್ಕೆ ಅದು ಎದ್ದಿದ್ದು. ಅಂಥ ಕಡೆ ನಿಂತು ನಾನು ವರ್ಷಾ ವರ್ಷ "ಜಾಗ ಇಲ್ಲ" ಕೂಗಿಸಿದೆ.

ಮಡಿಕೇರಿಯಿಂದ ಒಬ್ಬ:
ಟೀಚರ್, ನಾನು ಪೂರ್ತಿ ಒಪ್ಪಲ್ಲ. ಯೇಸು ಗುಹೆಯಲ್ಲಿ ಹುಟ್ಟಿದ ಅನ್ನೋ ಮಾತು ಬಹಳ ಹಳೆಯದು, ಎರಡನೇ ಶತಮಾನದಲ್ಲೇ ಕ್ರೈಸ್ತ ಲೇಖಕ ಜಸ್ಟಿನ್ ಬರೆದಿದ್ದಾನೆ. ಬೆತ್ಲೆಹೆಮಿನ ದೇವಾಲಯ ನಿಂತಿರೋದೂ ಗುಹೆಯ ಮೇಲೇ. ಒಳಗೇ ಜಾಗ ಇತ್ತು ಅಂದುಬಿಟ್ಟರೆ ಆ ಕತೆಯ ಬಡತನ ಎಲ್ಲಿ ಉಳೀತು?

ವಿರಾಜಪೇಟೆ ಟೀಚರ್:
ಗುಹೆಗೆ ತಾಗಿಸಿ ಮನೆ ಕಟ್ಟೋದೂ ಅಲ್ಲಿ ಇತ್ತಪ್ಪ. ಬಡತನಕ್ಕೇನು ಕಮ್ಮಿ? ಒಂದು ಲೈನ್ ಮನೇಲಿ ಹತ್ತು ಜನ ಮಲಗಿದ್ದಾಗ ಹೆರಿಗೆ ಆದರೆ ಹೇಗಿರುತ್ತೆ, ರೈಟರನ್ನೇ ಕೇಳು. ಅಂದಹಾಗೆ ಎತ್ತು, ಕತ್ತೆ ಲೂಕನಲ್ಲಿಲ್ಲ. ಒಡೆಯನ ಕೊಟ್ಟಿಗೆಯನ್ನ ಬಲ್ಲ ಕತ್ತೆ ಅಂತ ಪ್ರವಾದಿ ಯೆಶಾಯನ ಗ್ರಂಥದಲ್ಲಿ ಬರುತ್ತೆ, ಅಲ್ಲಿಂದ ನಡೆದು ಬಂದಿವೆ. ಕೂಸನ್ನ ನೋಡೋಕೆ ಬಂದ ಜ್ಯೋತಿಷಿಗಳು ಮೂವರು ಅಂತಲೂ ಮತ್ತಾಯನ ಶುಭಸಂದೇಶ ಹೇಳಿಲ್ಲ, ಕಾಣಿಕೆ ಮೂರು ಅಷ್ಟೇ.

ತೋಟದ ರೈಟರ್, ಸಿದ್ದಾಪುರ:
ಟೀಚರ್, ಹುಡುಗಿಗೆ ಹೇಳಿದೆ. "ಹಾಗಿದ್ರೆ ಒಳಗೆ ನೆಂಟರು ಬೇಕಲ್ಲ" ಅಂದಳು. ಗೊಂಬೆ ಸಾಲಲಿಲ್ಲ. ಈಗ ಗೋದಲಿ ಪಕ್ಕ ಒಂದು ಪ್ಲಾಸ್ಟಿಕ್ ಕ್ರಿಕೆಟ್ ಆಟಗಾರ, ಕೈ ಮುರಿದ ಬಾರ್ಬಿ, ಕಣದ ಕಾವಲಿಗೆ ಅಂತ ಒಂದು ನಾಯಿ. ಫಾದರ್ ಬಂದಾಗ ಏನಂತಾರೋ.