ಅಪ್‌ಡೇಟ್: ಆಟೋಕ್ರಾಸ್ ಕೋನ್ ಪೆನಾಲ್ಟಿ ತಕರಾರು ಬಗೆಹರಿಯಿತು

ಆಟೋಕ್ರಾಸ್‌ನಲ್ಲಿ (ಕೋನ್‌ಗಳ ನಡುವೆ ಸಮಯ ಅಳೆದು ಕಾರು ಓಡಿಸುವ ಸ್ಪರ್ಧೆ) ಕೋನ್‌ಗೆ ಸ್ವಲ್ಪ ತಾಗಿದ್ದಕ್ಕೇ ನನ್ನ ಸಮಯಕ್ಕೆ 2 ಸೆಕೆಂಡ್ ಪೆನಾಲ್ಟಿ ಸೇರಿಸುತ್ತಾರೆ, ಬೇರೆಯವರನ್ನು ಸುಮ್ನೆ ಬಿಡುತ್ತಾರೆ, ಏನು ಮಾಡಲಿ ಅಂತ ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆನಲ್ಲ, ಈ ಭಾನುವಾರ ಶಿವಮೊಗ್ಗ ಹತ್ತಿರದ ಅದೇ ಮೈದಾನದಲ್ಲಿ ಮತ್ತೆ ಹಾಗೇ ಆಯಿತು.

ಮಾರ್ಷಲ್ (ಟ್ರ್ಯಾಕ್ ಪಕ್ಕ ನಿಂತು ಕೋನ್ ನೋಡಿಕೊಳ್ಳುವವರು) ಹತ್ತಿರ ನೇರವಾಗಿ ಮಾತಾಡಿದೆ. ಮಾತಿಗೆ ಮಾತು ಬೆಳೆಯಿತು ಅಷ್ಟೇ. ಮೊಬೈಲ್ ವಿಡಿಯೋವನ್ನೂ ಒಪ್ಪಲಿಲ್ಲ. ಕೆಲಸಕ್ಕೆ ಬಂದಿದ್ದು, ತಕರಾರನ್ನು ಬರೆದು ಕೊಡಿ ಎಂದು ಆ ಪೋಸ್ಟ್‌ಗೆ ಉತ್ತರಿಸಿದವರ ಸಲಹೆ. ಅಂತರರಾಷ್ಟ್ರೀಯ ನಿಯಮದಲ್ಲಿ ಫಲಿತಾಂಶದ ಮೇಲಿನ ತಕರಾರಿಗೆ ತಾತ್ಕಾಲಿಕ ಪಟ್ಟಿ ಹಾಕಿದ ಮೇಲೆ 30 ನಿಮಿಷ ಮಾತ್ರ ಸಮಯ. ಇಲ್ಲಿನ ನಿಯಮದ ಹಾಳೆಯಲ್ಲೂ ಹಾಗೇ ಇತ್ತು. ಓಡಿ ಹೋಗಿ ಕೊಟ್ಟೆ. ಪೆನಾಲ್ಟಿ ತೆಗೆದರು!

ಅದೇ ಹಾಳೆ ಓದುವಾಗ ಇನ್ನೊಂದು ಗೊತ್ತಾಯಿತು. ಕೋನ್ ಅಲುಗಾಡಿದರೆ ತಪ್ಪಲ್ಲ. ಅದು ಬೀಳಬೇಕು, ಇಲ್ಲವೇ ಸುತ್ತ ಎಳೆದ ಗೆರೆಯಿಂದ ಪೂರ್ತಿ ಆಚೆ ಹೋಗಬೇಕು. ಆದರೆ ನಮ್ಮ ಮಲೆನಾಡಿನ ಮಳೆಗೆ ಸುಣ್ಣದ ಗೆರೆ ನಿಲ್ಲುತ್ತದಾ? ಬೆಳಗ್ಗೆಯೇ ತೊಳೆದು ಹೋಗಿತ್ತು. ಹಾಗಾಗಿ ಒಬ್ಬೊಬ್ಬ ಮಾರ್ಷಲ್ ಒಂದೊಂದು ಅಂದಾಜು ಹಾಕುತ್ತಿದ್ದರು. ಬೇಕಂತಲೇ ಮಾಡುತ್ತಾರೆ ಎಂದು ನಾನು ಬರೆದಿದ್ದೆ, ಅದು ತಪ್ಪು. ಅವರೂ ರಜೆ ಬಿಟ್ಟು ಬಂದು ಮಳೆಯಲ್ಲಿ ನಿಲ್ಲುವವರು ಅಲ್ವಾ.

ಪ್ರತಿ ಮಳೆಯ ನಂತರ ಗೆರೆ ಮತ್ತೆ ಎಳೆಯಲು ಆಯೋಜಕರು ಒಪ್ಪಿದ್ದಾರೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.